ನಮ್ಮ ಬೆಟ್ಟದ ಮಾತುಗಳನ್ನು ಆಲಿಸಿದ ಪ್ರಾಧ್ಯಾಪಕ

ಒಂದು ಸಂಸ್ಕೃತಿಯ ಜನರು ಇನ್ನೊಂದು ಸಂಸ್ಕೃತಿಯ ಜನರೊಡನೆ ಹೇಗೆ ಮಾತನಾಡುತ್ತಾರೆ, ಎಲ್ಲಿ ಅರ್ಥವಾಗುತ್ತದೆ, ಎಲ್ಲಿ ಅಪಾರ್ಥವಾಗುತ್ತದೆ ಎಂಬುದನ್ನು ಈಗ ವಿಶ್ವವಿದ್ಯಾನಿಲಯಗಳಲ್ಲಿ ಒಂದು ಶಾಸ್ತ್ರವಾಗಿಯೇ ಕಲಿಸುತ್ತಾರೆ. ಅಂತರಸಂಸ್ಕೃತಿ ಸಂವಹನವೆಂದು ಅದರ ಹೆಸರು. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಅವರು 1959ರಲ್ಲಿ ಬರೆದ, ಮಾತಿಲ್ಲದ ಭಾಷೆಯನ್ನು ಕುರಿತ ಪುಸ್ತಕದಿಂದ ಈ ಶಾಸ್ತ್ರವು ಪ್ರಸಿದ್ಧಿಗೆ ಬಂತೆಂದು ಹೇಳುವುದುಂಟು. ಹೆಸರೇನೋ ದೊಡ್ಡದು. ಆದರೆ ಅದು ಹೇಳುವ ಕೆಲಸ ನೀಲಗಿರಿಯವರಾದ ನಮಗೆ ಹೊಸದಲ್ಲ. ಬೊಕ್ಕಾಪುರಂ ಮಾರಿಯಮ್ಮನ ಜಾತ್ರೆಯಲ್ಲಿ ಒಂದು ಗಳಿಗೆ ಸುಮ್ಮನೆ ನಿಂತು ಕಿವಿಗೊಟ್ಟರೆ ಸಾಕು: ತಮಿಳು, ಕನ್ನಡ, ಬಡಗ, ಇರುಳ, ಕುರುಂಬ, ಮಲಯಾಳ ಎಲ್ಲವೂ ಕೇಳಿಸುತ್ತವೆ. ತೆಂಗಿನಕಾಯಿ ಮಾರುವವನು ಒಂದು ಮಾತಿನಲ್ಲಿ ಬೆಲೆ ಹೇಳುತ್ತಾನೆ, ಕೊಳ್ಳುವಾಕೆ ಇನ್ನೊಂದರಲ್ಲಿ ಚೌಕಾಸಿ ಮಾಡುತ್ತಾಳೆ. ವ್ಯಾಪಾರ ನಿಲ್ಲುವುದಿಲ್ಲ.

ಈ ಶಾಸ್ತ್ರಕ್ಕೆ ಹೆಸರು ಬರುವುದಕ್ಕೆ ಎರಡು ದಶಕಗಳಿಗೂ ಮುಂಚೆಯೇ, ನಮ್ಮ ಬೆಟ್ಟದಲ್ಲಿ ಕುಳಿತು ಇಲ್ಲಿನ ಮಾತುಗಳನ್ನು ಶ್ರದ್ಧೆಯಿಂದ ಆಲಿಸಿ, ಮುಂದೆ ಜಗತ್ತಿನ ವಿದ್ವಾಂಸರಿಗೆ ಅವುಗಳ ಬೆಲೆಯನ್ನು ತೋರಿಸಿಕೊಟ್ಟ ಪ್ರಾಧ್ಯಾಪಕರೊಬ್ಬರಿದ್ದರು. ಅವರೇ ಮರ್ರೆ ಬಾರ್ನ್‌ಸನ್ ಎಮೆನೊ. ಉದಕಮಂಡಲದ ರಸ್ತೆಯಲ್ಲಿ ದಿನವೂ ಓಡಾಡುವ ನಮ್ಮಲ್ಲಿ ಎಷ್ಟು ಜನ ಈ ಹೆಸರನ್ನು ಕೇಳಿದ್ದೇವೆ? ಆದುದರಿಂದಲೇ ಈ ಲೇಖನ.

ಎಮೆನೊ ಅವರು ಹುಟ್ಟಿದ್ದು 1904ರ ಫೆಬ್ರವರಿ 28ರಂದು, ಕೆನಡಾ ದೇಶದ ನೋವಾ ಸ್ಕೋಷಿಯಾ ಪ್ರಾಂತದ ಲೂನೆನ್‌ಬರ್ಗ್ ಎಂಬ ಕಡಲ ತೀರದ ಊರಿನಲ್ಲಿ. ಮೀನುಗಾರಿಕೆಗೆ ಹೆಸರಾದ ಊರು ಅದು. ಓದಿನಲ್ಲಿ ಚುರುಕಾಗಿದ್ದ ಹುಡುಗ ಡಾಲ್‌ಹೌಸಿ ವಿಶ್ವವಿದ್ಯಾನಿಲಯದಲ್ಲಿ ಗ್ರೀಕ್, ಲ್ಯಾಟಿನ್ ಓದಿ, ರೋಡ್ಸ್ ವಿದ್ಯಾರ್ಥಿವೇತನ ಪಡೆದು 1923ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿಂದ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯಕ್ಕೆ ಬಂದು ಲ್ಯಾಟಿನ್ ಕಲಿಸುತ್ತ ತಾವು ಸಂಸ್ಕೃತ ಕಲಿತರು. 1931ರಲ್ಲಿ ಅವರಿಗೆ ಡಾಕ್ಟರೇಟ್ ಬಂದದ್ದು ಯಾವುದರ ಮೇಲೆ ಎಂದುಕೊಂಡಿರಿ? ವಿಕ್ರಮನ ಹೆಗಲೇರಿ ಕಥೆ ಹೇಳುವ ನಮ್ಮ ಬೇತಾಳನ ಮೇಲೆ! ಜಂಭಲದತ್ತನ ಸಂಸ್ಕೃತ ಬೇತಾಳ ಪಂಚವಿಂಶತಿಯನ್ನು ಅವರು ಪರಿಷ್ಕರಿಸಿ ಅನುವಾದಿಸಿದರು.

ಆಗ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ಸಂಸ್ಕೃತ ಬಲ್ಲವರನ್ನು ಕರೆದು ಕೆಲಸ ಕೊಡುವವರಿರಲಿಲ್ಲ. ಯೇಲಿನಲ್ಲೇ ಉಳಿದು ಎಡ್ವರ್ಡ್ ಸಪೀರ್ ಎಂಬ ಭಾಷಾವಿಜ್ಞಾನಿಯ ಪಾಠಗಳಿಗೆ ಹೋಗಿ ಕುಳಿತರು. ಅಮೆರಿಕದ ಮೂಲನಿವಾಸಿಗಳ ಭಾಷೆಗಳನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳುವ ವಿದ್ಯೆಯಲ್ಲಿ ಸಪೀರ್ ನಿಸ್ಸೀಮರು. ಲಿಪಿಯಿಲ್ಲದ ಭಾಷೆಗೂ ವ್ಯಾಕರಣವಿದೆ, ಅದು ಗ್ರೀಕ್ ಸಂಸ್ಕೃತಗಳ ವ್ಯಾಕರಣದಷ್ಟೇ ಕ್ರಮಬದ್ಧವಾದದ್ದು ಎಂಬುದು ಅವರು ಶಿಷ್ಯರ ಮನಸ್ಸಿನಲ್ಲಿ ನಾಟಿಸಿದ ಮಾತು. ನೀಲಗಿರಿಯ ತೋಡರ ಭಾಷೆಯನ್ನು ಅಭ್ಯಾಸ ಮಾಡು ಎಂದು ಪ್ರೋತ್ಸಾಹಿಸಿದವರೂ ಅವರೇ. ಹೀಗೆ ಪುಸ್ತಕದ ಸಂಸ್ಕೃತ ಕಲಿತವರು 1935ರಲ್ಲಿ ಪುಸ್ತಕವೇ ಇಲ್ಲದ ಭಾಷೆಗಳನ್ನು ಹುಡುಕಿಕೊಂಡು ಭಾರತಕ್ಕೆ ಬಂದರು. 1938ರ ವರೆಗೆ, ಮೂರು ವರ್ಷ, ಅವರ ಕೆಲಸ ಇಲ್ಲಿ ನಡೆಯಿತು.

ಆ ಕಾಲದ ಬೆಟ್ಟದ ಬದುಕನ್ನು ಮಕ್ಕಳು ಸ್ವಲ್ಪ ಊಹಿಸಿಕೊಳ್ಳಬೇಕು. ತೋಡರು ಎಮ್ಮೆ ಸಾಕುವವರು. ಕೋತರು ಕುಲುಮೆ, ಮಡಕೆ, ಮರಗೆಲಸದವರು, ವಾದ್ಯ ನುಡಿಸುವವರೂ ಅವರೇ. ಬಡಗರು ಬೆಳೆ ಬೆಳೆಯುವವರು. ಕುರುಂಬರು ಕಾಡಿನ ಜೇನು, ಬಿದಿರು ತರುವವರು. ಅವರ ಮಾಟಕ್ಕೆ ಉಳಿದವರೆಲ್ಲ ಹೆದರುತ್ತಿದ್ದರು. ಒಬ್ಬರ ತುಪ್ಪ ಇನ್ನೊಬ್ಬರಿಗೆ, ಒಬ್ಬರ ಕತ್ತಿ ಇನ್ನೊಬ್ಬರಿಗೆ, ಒಬ್ಬರ ಧಾನ್ಯ ಎಲ್ಲರಿಗೂ. ಒಂದೇ ಬೆಟ್ಟದ ನಾಲ್ಕು ಮಗ್ಗುಲಲ್ಲಿ ನಾಲ್ಕು ಭಾಷೆ. ಪರಸ್ಪರ ಮಾತಿಗೆ ಹೆಚ್ಚಾಗಿ ಒದಗುತ್ತಿದ್ದುದು ಬಡಗ. ಉತ್ತರದ ಮೈಸೂರು ಸೀಮೆಯಿಂದ ಬಂದವರಾದುದರಿಂದ ಅವರಿಗೆ ಬಡಗರೆಂಬ ಹೆಸರು. ಅವರ ಮಾತು ನಮ್ಮ ಕನ್ನಡದ ಹತ್ತಿರದ ನೆಂಟ.

ಎಮೆನೊ ಅವರಿಗೆ ಕೋತ ಭಾಷೆಯ ಬಾಗಿಲು ತೆರೆದವರು ಸುಲ್ಲಿ ಎಂಬ ಕೋತರು. ನಮ್ಮ ಮಟ್ಟಿಗೆ ಈ ಕಥೆಯಲ್ಲಿ ಪ್ರಾಧ್ಯಾಪಕರಷ್ಟೇ ಮುಖ್ಯರಾದವರು ಇವರು. ಶಾಲೆ ಕಲಿತು, ಇಂಗ್ಲಿಷ್ ಕಲಿತು, ಉಪಾಧ್ಯಾಯರೂ ಆದವರು. ಕೋತರ ಗಂಡಸರು ಉದ್ದ ಕೂದಲು ಬಿಟ್ಟು ಗಂಟು ಕಟ್ಟುತ್ತಿದ್ದ ಕಾಲದಲ್ಲಿ ಅವರು ಕ್ರಾಪು ಕತ್ತರಿಸಿಕೊಂಡು ಊರವರ ಸಿಟ್ಟಿಗೆ ಗುರಿಯಾದರು. ಅದೇ ವರ್ಷಗಳಲ್ಲಿ ನೀಲಗಿರಿಗೆ ಬಂದಿದ್ದ ಮಾನವಶಾಸ್ತ್ರಜ್ಞ ಡೇವಿಡ್ ಮ್ಯಾಂಡೆಲ್‌ಬಾಮ್ ಅವರು ಸುಲ್ಲಿಯವರನ್ನು ತಮ್ಮ ಜನರ ಸುಧಾರಕನೆಂದು ಕರೆದು 1960ರಲ್ಲಿ ಒಂದು ಪ್ರಬಂಧವನ್ನೇ ಬರೆದಿದ್ದಾರೆ. ಹೊಸದನ್ನು ಹೀಗೆ ಹಿಡಿದವರು ಹಳೆಯದನ್ನು ಮರೆತವರಾಗಿರಬೇಕೆಂದು ಯಾರೂ ಭಾವಿಸಬಾರದು. ಕೋತರ ಕಥೆ, ನಂಬಿಕೆ, ನ್ಯಾಯ, ಹಬ್ಬ, ಸಾವಿನ ವಿಧಿ ಎಲ್ಲವೂ ಅವರ ನೆನಪಿನಲ್ಲಿದ್ದವು. ಅವರು ಹೇಳಿದರು, ಎಮೆನೊ ಬರೆದುಕೊಂಡರು. 1944ರಿಂದ 1946ರ ವರೆಗೆ ನಾಲ್ಕು ಭಾಗಗಳಲ್ಲಿ ಪ್ರಕಟವಾದ ಕೋತ ಕಥನಗಳ ಬಹುಪಾಲು ಸುಲ್ಲಿಯವರ ಬಾಯಿಂದ ಬಂದದ್ದು.

ಬರೆದುಕೊಳ್ಳುವುದೆಂದರೆ ಎಷ್ಟು ಕಷ್ಟವೆಂಬುದನ್ನೂ ಹೇಳಬೇಕು. ಬೆಟ್ಟ ಹತ್ತುವ ಸಂಶೋಧಕರ ಕೈಗೆ ಟೇಪ್ ರೆಕಾರ್ಡರ್ ಬರುವ ಮುಂಚಿನ ಕಾಲವದು. ಹೇಳುವವರು ನಿಧಾನವಾಗಿ ಹೇಳಬೇಕು, ಕೇಳುವವರು ಅವರ ನಾಲಗೆ, ತುಟಿ ನೋಡುತ್ತ ಪ್ರತಿಯೊಂದು ಧ್ವನಿಗೂ ಒಂದು ಗುರುತು ಹಾಕಬೇಕು, ಮತ್ತೆ ಓದಿ ಹೇಳಿ ಸರಿಯೇ ಎಂದು ಕೇಳಬೇಕು. ಕನ್ನಡದಲ್ಲಿ ನಮಗೆ ಒಂದೇ ರಕಾರ ಸಾಕು. ತೋಡರಿಗೆ ಬೇರೆ ಬೇರೆ ರಕಾರಗಳಿವೆ, ಸಕಾರ ಶಕಾರಗಳ ಗುಂಪೂ ದೊಡ್ಡದು. ಇಷ್ಟು ವಿಚಿತ್ರವಾಗಿ ಕೇಳಿಸುವ ಮಾತು ದ್ರಾವಿಡ ಕುಟುಂಬದ್ದೇ ಹೌದೆಂದು ಎಮೆನೊ ಅವರು ಧ್ವನಿ ಧ್ವನಿಯನ್ನೂ ಹೋಲಿಸಿ ತೋರಿಸಿದರು. ಒಂದು ಉದಾಹರಣೆ ನೋಡಿ. ತಮಿಳಿನಲ್ಲಿ 'ಪಾಲ್', ಕೋತದಲ್ಲಿಯೂ 'ಪಾಲ್', ಹಳಗನ್ನಡದಲ್ಲಿ 'ಪಾಲ್', ಈಗಿನ ನಮ್ಮ ಬಾಯಲ್ಲಿ 'ಹಾಲು'. ತೋಡರು ಹೇಳುವುದು 'ಪೋಸ್' ಎಂಬಂತೆ ಕೇಳಿಸುತ್ತದೆ. ಒಮ್ಮೆ ಕೇಳಿದರೆ ಸಂಬಂಧವೇ ಕಾಣದು. ಆದರೆ ಉಳಿದವರ 'ಆ' ಇದ್ದ ಕಡೆ ತೋಡರಲ್ಲಿ 'ಓ' ಬರುವುದೂ, ಕೊನೆಯ ಲಕಾರವು ಸಕಾರದ ಕಡೆಗೆ ಹೊರಳುವುದೂ ಇದೊಂದೇ ಮಾತಿನಲ್ಲಿ ಅಲ್ಲ, ಬೇರೆ ಮಾತುಗಳಲ್ಲಿಯೂ ಕಂಡುಬಂದಾಗ ಅದು ಆಕಸ್ಮಿಕವಲ್ಲ, ನಿಯಮ ಎಂದು ತಿಳಿಯುತ್ತದೆ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತೆಂದು ನಾವು ತರಗತಿಯಲ್ಲಿ ಹೇಳಿಕೊಡುವುದೂ ಇದೇ ಬಗೆಯ ನಿಯಮವೇ.

ಬಡಗ ಭಾಷೆಯಲ್ಲಿ ಅವರಿಗೆ ಸಿಕ್ಕಿದ್ದು ಇನ್ನೂ ಸೋಜಿಗ. ಬಾಯಿ, ಬಳೆ, ಬೆಳೆ ಎಂಬ ನಮ್ಮ ಮೂರು ಮಾತುಗಳೂ ಹಳೆಯ ತಲೆಮಾರಿನ ಬಡಗರ ಬಾಯಲ್ಲಿ ಹೊರಗಿನವನ ಕಿವಿಗೆ 'ಬೇ' ಎಂದೇ ಕೇಳಿಸುತ್ತವೆ. ಕೇಳಿದ ಬಡಗರಿಗೆ ಮಾತ್ರ ಗೊಂದಲವಿಲ್ಲ. ಏಕೆಂದರೆ ಬಾಯಿ ಎನ್ನುವಾಗ ನಾಲಗೆ ನೆಟ್ಟಗಿರುತ್ತದೆ, ಬಳೆ ಎನ್ನುವಾಗ ಸ್ವಲ್ಪ ಮಡಿಸಿರುತ್ತದೆ, ಬೆಳೆ ಎನ್ನುವಾಗ ಪೂರ್ತಿ ಮಡಿಸಿರುತ್ತದೆ! ಳಕಾರ ಬಿದ್ದುಹೋದರೂ ಅದರ ನೆನಪು ಸ್ವರದಲ್ಲಿ ಉಳಿದುಕೊಂಡಿದೆ. ಲೋಕದ ಭಾಷೆಗಳಲ್ಲಿ ಬಹಳ ಅಪರೂಪವಾದ ಈ ಸಂಗತಿಯನ್ನು ಎಮೆನೊ 1939ರಲ್ಲಿ ಪ್ರಕಟಿಸಿದರು. ಇಂದು ಎಲ್ಲ ಬಡಗರೂ ಹಾಗೆ ಉಚ್ಚರಿಸುವುದಿಲ್ಲ. ಮನೆಯಲ್ಲಿ ಬಡಗ ಆಡುವ ಮಕ್ಕಳು ಅಜ್ಜ ಅಜ್ಜಿಯರ ಬಾಯಲ್ಲಿ ಈ ಮೂರು ಮಾತನ್ನು ಹೇಳಿಸಿ ನೋಡಬಹುದು.

ತೋಡರ ಹಾಡುಗಳ ವಿಷಯವನ್ನು ಬಿಡಲಾಗದು. ಎಮ್ಮೆ, ಮದುವೆ, ಸಾವು, ಹೊಸ ರಸ್ತೆ, ಏನು ನಡೆದರೂ ತೋಡರಲ್ಲಿ ಅದಕ್ಕೊಂದು ಹಾಡು ಕಟ್ಟುವವರಿದ್ದರು. ಸಾಮಾನ್ಯವಾಗಿ ಮೂರು ಮೂರು ಅಕ್ಷರದ ತುಣುಕುಗಳು. ಪ್ರತಿ ತುಣುಕಿಗೂ ಅದರದೇ ಒಂದು ಜೋಡಿ. ಒಂದನ್ನು ಹಾಡಿದರೆ ಇನ್ನೊಂದು ಬರಲೇಬೇಕು. ಛಂದಸ್ಸನ್ನು ಗಣ ಹಾಕಿ ಕಲಿಯುವ ನಮ್ಮ ಹತ್ತನೆಯ ತರಗತಿಯವರಿಗೆ ಇದರ ಬಿಗಿ ಗೊತ್ತಾಗುತ್ತದೆ. ಓದು ಬರಹವಿಲ್ಲದವರು ಕುಳಿತಲ್ಲೇ ಇಂಥ ಹಾಡು ಕಟ್ಟುತ್ತಿದ್ದರು. ಎಮೆನೊ ಬರೆದುಕೊಂಡ ಹಾಡುಗಳ ದಪ್ಪ ಗ್ರಂಥ 1971ರಲ್ಲಿ ಹೊರಬಂತು, ತೋಡ ವ್ಯಾಕರಣ 1984ರಲ್ಲಿ. ಅಂದರೆ 1930ರ ದಶಕದಲ್ಲಿ ಬರೆದುಕೊಂಡದ್ದನ್ನು ಸುಮಾರು ಐವತ್ತು ವರ್ಷ ತಿದ್ದುತ್ತ ಕುಳಿತರು. ಆತುರದ ಈ ಕಾಲದಲ್ಲಿ ನಂಬುವುದು ಕಷ್ಟ.

ಬೆಟ್ಟದ ಕೆಲಸದ ಜೊತೆಗೇ ಅವರು ಕೊಡವ ಭಾಷೆಯನ್ನೂ, ಮಧ್ಯ ಭಾರತದ ಕೊಲಾಮಿ ಭಾಷೆಯನ್ನೂ ಅಭ್ಯಾಸ ಮಾಡಿದರು. 1940ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗೆ ವಿಯೆಟ್ನಾಮಿ ಭಾಷೆ ಕಲಿಸಬೇಕಾಗಿ ಬಂದಾಗ ಅದನ್ನೂ ಕಲಿತು ಕಲಿಸಿ ಅದರ ವ್ಯಾಕರಣವನ್ನೂ ಬರೆದರು. 1949ರಲ್ಲಿ ಅಮೆರಿಕದ ಭಾಷಾವಿಜ್ಞಾನ ಸಂಘದ ಅಧ್ಯಕ್ಷರಾದರು. ಬರ್ಕ್ಲಿಯ ಭಾಷಾವಿಜ್ಞಾನ ವಿಭಾಗವನ್ನು ಕಟ್ಟಿ ನಿಲ್ಲಿಸಿದರು, 1971ರಲ್ಲಿ ನಿವೃತ್ತರಾದರು. ಅವರಲ್ಲಿ ಕಲಿತ ವಿಲಿಯಂ ಬ್ರೈಟ್ ಅವರು ಮುಂದೆ ನಮ್ಮ ಆಡುಗನ್ನಡದ ವ್ಯಾಕರಣವನ್ನು ಬರೆದರು. ಅದನ್ನು 1958ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಪ್ರಕಟಿಸಿತು.

ಎಮೆನೊ ಅವರ ಹೆಸರನ್ನು ಕನ್ನಡ ಪಂಡಿತರ ಮನೆ ಮನೆಗೂ ತಲುಪಿಸಿದ್ದು ದ್ರಾವಿಡ ಜ್ಞಾತಿಪದಕೋಶ. ಆಕ್ಸ್‌ಫರ್ಡಿನ ತಾಮಸ್ ಬರೋ ಅವರೊಡನೆ ಸೇರಿ 1961ರಲ್ಲಿ ಮೊದಲ ಮುದ್ರಣವನ್ನೂ 1984ರಲ್ಲಿ ಎರಡನೆಯದನ್ನೂ ಹೊರತಂದರು. ಇದು ಅರ್ಥ ಹೇಳುವ ನಿಘಂಟಲ್ಲ. ಒಂದೊಂದು ಮಾತಿಗೂ ಅದರ ಅಕ್ಕತಂಗಿಯರು ಯಾವ ಯಾವ ಭಾಷೆಯಲ್ಲಿದ್ದಾರೆಂದು ಹೇಳುವ, ಐದು ಸಾವಿರಕ್ಕೂ ಮಿಕ್ಕಿದ ನಮೂದುಗಳ ವಂಶಾವಳಿ. ಕನ್ನಡದ ಮಾತುಗಳಿಗೆ ಆಧಾರ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟು. ಅದರ ಪುಟಗಳಲ್ಲಿ ಪಂಪನ ಭಾಷೆಯ ಪಕ್ಕದಲ್ಲೇ ಕೋತ, ತೋಡ, ಇರುಳ, ಕುರುಂಬ ಮಾತುಗಳು ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಪಂಕ್ತಿಭೇದವಿಲ್ಲ. ಈಗ ಈ ಕೋಶವನ್ನು ಕಂಪ್ಯೂಟರಿನಲ್ಲಿಯೂ ಹುಡುಕಿ ನೋಡಬಹುದು.

ಇಷ್ಟೆಲ್ಲದರ ನಡುವೆ 1956ರಲ್ಲಿ ಬರೆದ ಒಂದು ಲೇಖನವೇ ಅವರ ಅತಿ ದೊಡ್ಡ ಕೊಡುಗೆಯೆಂದು ನಾವು ಎಣಿಸುತ್ತೇವೆ. ಭಾರತವೆಲ್ಲವೂ ಒಂದು ಭಾಷಾವಲಯ ಎಂಬುದು ಅದರ ಸಾರ. ಕನ್ನಡ, ತಮಿಳು, ತೆಲುಗು ಒಂದು ಕುಟುಂಬ. ಹಿಂದಿ, ಬಂಗಾಳಿ, ಮರಾಠಿ ಇನ್ನೊಂದು ಕುಟುಂಬ. ಸಂತಾಲಿ, ಮುಂಡಾರಿ ಮತ್ತೊಂದು. ಹುಟ್ಟಿನಿಂದ ಇವು ಬಂಧುಗಳಲ್ಲ. ಆದರೂ ಸಾವಿರಾರು ವರ್ಷ ಒಂದೇ ನೆಲದಲ್ಲಿ ಒಟ್ಟಿಗೆ ಬಾಳಿ, ನಡೆನುಡಿಯಲ್ಲಿ ಒಂದನ್ನೊಂದು ಹೋಲುವಂತಾಗಿವೆ.

ಹೇಗೆ ಎಂದು ಕೇಳಿದರೆ ನಮ್ಮ ಊಟದ ಮನೆಯಿಂದಲೇ ಉತ್ತರ ಕೊಡಬಹುದು. ನೆಂಟರು ಬಂದರೆ "ಕಾಫಿ ಗೀಫಿ ಕುಡೀರಿ, ಊಟ ಗೀಟ ಮಾಡಿ" ಎನ್ನುತ್ತೇವೆ. ಈ 'ಗೀಫಿ', 'ಗೀಟ'ಗಳಿಗೆ ನಿಘಂಟಿನಲ್ಲಿ ಅರ್ಥವಿಲ್ಲ. ಆದರೆ ಕಾಫಿಯೋ, ಅಂಥದ್ದೇ ಇನ್ನೇನೋ ಎಂಬ ಭಾವ ಅದರಲ್ಲಿದೆ. ತಮಿಳರ 'ಪುಲಿ ಕಿಲಿ', ನಮ್ಮ 'ಹುಲಿ ಗಿಲಿ' ಒಂದೇ ಅಚ್ಚಿನವು. ಅದು ಸಹಜ, ಬಂಧುಗಳು. ಆದರೆ ಹಿಂದಿಯವರು 'ಪಾನೀ ವಾನೀ' ಎನ್ನುತ್ತಾರೆ, ಬಂಗಾಳಿಗಳು 'ಜೊಲ್ ಟೊಲ್' ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಈ ಪದ್ಧತಿಯಿಲ್ಲ. ತೋಡರ ಇಂಥ ಪ್ರತಿಧ್ವನಿ ಪದಗಳ ಮೇಲೆ ಎಮೆನೊ 1938ರಲ್ಲೇ ಬರೆದಿದ್ದರು. ಬೆಟ್ಟದ ಮೇಲೆ ಕೇಳಿಸಿಕೊಂಡ ಒಂದು ಸಣ್ಣ ಸಂಗತಿ ಅವರನ್ನು ಇಡೀ ದೇಶದ ಕಡೆಗೆ ಕರೆದೊಯ್ದಿತು.

ಇನ್ನೊಂದು: "ಎದ್ದು, ಮುಖ ತೊಳೆದು, ಕಾಫಿ ಕುಡಿದು, ಶಾಲೆಗೆ ಬಂದ." ನಾಲ್ಕು ಕೆಲಸ, ಒಂದೇ ವಾಕ್ಯ, ಕ್ರಿಯಾಪದ ಪೂರ್ಣವಾಗುವುದು ಕೊನೆಯಲ್ಲಿ. ಹಿಂದಿಯ 'ಉಠಕರ್', 'ಧೋಕರ್' ಹೀಗೆಯೇ ನಡೆಯುತ್ತವೆ. ಸಂಸ್ಕೃತದ 'ಗತ್ವಾ', 'ಪೀತ್ವಾ'ಗಳ ಬಳಕೆಯೂ ಹೀಗೆಯೇ. ಇಂಗ್ಲಿಷಿಗೆ ಅನುವಾದ ಮಾಡುವಾಗ ನಮ್ಮ ಮಕ್ಕಳು ಪೇಚಾಡುವುದು ಇಲ್ಲೇ ಎಂದು ಇಂಗ್ಲಿಷ್ ಅಧ್ಯಾಪಕರು ಹೇಳಿಯಾರು. ಟ, ಡ, ಣಗಳೂ ಹಾಗೆಯೇ. ಸಂಸ್ಕೃತದ ಅಕ್ಕತಂಗಿಯರಾದ ಗ್ರೀಕ್, ಲ್ಯಾಟಿನ್‌ಗಳಲ್ಲಿ ಇಲ್ಲದ ಈ ಮೂರ್ಧನ್ಯ ಧ್ವನಿಗಳು ಸಂಸ್ಕೃತದಲ್ಲಿವೆ. ದ್ರಾವಿಡ ನುಡಿಯಾಡುತ್ತಿದ್ದವರ ಸಂಪರ್ಕವೇ ಇದಕ್ಕೆ ಕಾರಣವೆಂಬುದು ಎಮೆನೊ ಅವರ ನಿಲುವು. ಇದರ ಬಗ್ಗೆ ಪಂಡಿತರಲ್ಲಿ ವಾದ ಇನ್ನೂ ನಡೆದಿದೆ, ನಡೆಯಲಿ.

ಈ ಕೊಡುಕೊಳೆ ನಡೆದದ್ದು ಎಲ್ಲಿ? ರಾಜರ ಆಸ್ಥಾನದಲ್ಲಿ ಮಾತ್ರವಲ್ಲ. ಎರಡು ಮಾತು ಬಲ್ಲ ಸಾಮಾನ್ಯ ಜನರ ನಾಲಗೆಯ ಮೇಲೆ. ಒಂದು ಭಾಷೆಯಲ್ಲಿ ಹುಟ್ಟಿ ಇನ್ನೊಂದನ್ನು ಕಲಿತವರು ಮೊದಲಿನದರ ಜಾಡನ್ನು ಎರಡನೆಯದರೊಳಕ್ಕೆ ತಂದರು. ಅವರ ಮಕ್ಕಳು ಅದನ್ನೇ ಸಹಜವೆಂದು ಕಲಿತರು. ದ್ವಿಭಾಷಿಕತೆ ಇಲ್ಲದೆ ಇಂಥ ಬದಲಾವಣೆ ಆಗದೆಂದು ಎಮೆನೊ ಮತ್ತೆ ಮತ್ತೆ ಬರೆದರು.

ಪೋಷಕರಲ್ಲಿ ನಮ್ಮದೊಂದು ಅರಿಕೆ ಇರುವುದು ಇಲ್ಲಿಯೇ. "ಮೇಷ್ಟ್ರೇ, ಮನೇಲಿ ನಮ್ಮ ಮಾತೇ ಆಡಿದ್ರೆ ಹುಡುಗನಿಗೆ ಕನ್ನಡವೂ ಬರಲ್ಲ, ತಮಿಳೂ ಬರಲ್ಲ, ಇಂಗ್ಲಿಷಂತೂ ಬರೋದೇ ಇಲ್ಲ. ಅದಕ್ಕೇ ಬಿಡಿಸಿಬಿಟ್ಟಿದ್ದೀವಿ" ಎಂದು ಕೆಲವರು ಹೇಳುತ್ತಾರೆ. ಅವರ ಭಯ ನಮಗೆ ಅರ್ಥವಾಗುತ್ತದೆ. ನಾವೂ ಎರಡು ಭಾಷೆಗಳ ನಡುವೆ ಓದಿದವರೇ. ಪರೀಕ್ಷೆ ಮನೆಮಾತಿನಲ್ಲಿ ನಡೆಯುವುದಿಲ್ಲ, ಕೆಲಸಕ್ಕೆ ಅರ್ಜಿ ಹಾಕುವುದೂ ಮನೆಮಾತಿನಲ್ಲಲ್ಲ. ಆದರೆ ಮನೆಯಲ್ಲಿ ಇರುಳ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ ಎಂದು ಮೂರು ಜಾಡಿನಲ್ಲಿ ನಡೆಯುವ ಮಗು ಗೊಂದಲದಲ್ಲಿದೆ ಎಂದು ತಿಳಿಯುವುದು ಸರಿಯಲ್ಲ. ಎಮೆನೊ ಅವರು ವಿವರಿಸಿದ ಭಾರತವನ್ನು ಮಾಡಿದವರು ಅಂಥ ಮಕ್ಕಳೇ. ನಮ್ಮ ಅನುಭವದಲ್ಲಿಯೂ ಸಂಧಿ, ಸಮಾಸ, ವಿಭಕ್ತಿಗಳನ್ನು ಬೇಗ ಹಿಡಿಯುವವರು ಮನೆಯಲ್ಲಿ ಬೇರೊಂದು ಮಾತುಳ್ಳ ಮಕ್ಕಳೇ. ಹೋಲಿಸಿ ನೋಡಲು ಅವರ ಬಳಿ ಇನ್ನೊಂದಿದೆ.

ಎಮೆನೊ ಅವರನ್ನು ಹೊಗಳಿದ ಮೇಲೆ ಒಂದು ಕೊರತೆಯನ್ನೂ ಹೇಳದಿದ್ದರೆ ಅನ್ಯಾಯವಾದೀತು. ಅವರ ಪುಸ್ತಕಗಳು ಅಚ್ಚಾದದ್ದು ಅಮೆರಿಕ, ಇಂಗ್ಲೆಂಡುಗಳಲ್ಲಿ. ವಿವರಣೆ ಇಂಗ್ಲಿಷಿನಲ್ಲಿ, ಮೂಲ ಪಾಠ ಪಂಡಿತರ ಧ್ವನಿಲಿಪಿಯಲ್ಲಿ. ತಿರುಚ್ಚಿಗಡಿಯ ಅಥವಾ ಗೂಡಲೂರಿನ ಕಡೆಯ ಕೋತರ ಮಗುವೊಂದು ಸುಲ್ಲಿಯವರು ಹೇಳಿದ ಕಥೆಯನ್ನು ಓದಬೇಕೆಂದರೆ ಮೊದಲು ಆ ಲಿಪಿಯನ್ನು ಕಲಿಯಬೇಕು. ಸಂಸ್ಕೃತಿಗಳ ನಡುವಿನ ಸೇತುವೆ ಒಂದೇ ದಿಕ್ಕಿಗೆ ಇಳಿಜಾರಾಗಿ ಕಟ್ಟಿದಂತಾಯಿತು. ಆ ಕಾಲದ ಪದ್ಧತಿಯೇ ಹಾಗಿತ್ತೆನ್ನಬಹುದು. ಆದರೂ ಕೊರತೆ ಕೊರತೆಯೇ. ಯುನೆಸ್ಕೋ ಸಂಸ್ಥೆ 2010ರಲ್ಲಿ ಪ್ರಕಟಿಸಿದ ಅಪಾಯದಂಚಿನ ಭಾಷೆಗಳ ನಕಾಶೆಯಲ್ಲಿ ತೋಡ, ಕೋತ ಎರಡೂ ತೀವ್ರ ಅಪಾಯದಲ್ಲಿರುವ ಭಾಷೆಗಳ ಸಾಲಿನಲ್ಲಿವೆ. ಒಂದೊಂದನ್ನೂ ಆಡುವವರು ಒಂದೆರಡು ಸಾವಿರದ ಆಸುಪಾಸಿನವರು.

ಎಮೆನೊ ಅವರು ತೀರಿಕೊಂಡದ್ದು 2005ರ ಆಗಸ್ಟ್ 29ರಂದು, 101 ವರ್ಷದ ತುಂಬು ವಯಸ್ಸಿನಲ್ಲಿ, ಬರ್ಕ್ಲಿಯಲ್ಲಿ. ಅವರು ಮುಖ್ಯವಾಗಿ ಮೇಲಿನ ಬೆಟ್ಟದವರ ಮಾತುಗಳನ್ನು ಆಲಿಸಿದರು. ಕೆಳಗಿನವರದನ್ನು ಬೇರೆಯವರು ಮುಂದುವರಿಸಿದರು. ಚೆಕ್ ದೇಶದ ಕಮಿಲ್ ಜ್ವೆಲೆಬಿಲ್ ಅವರು 1973ರಿಂದ ಇರುಳ ಭಾಷೆಯ ಮೇಲೆ ಮೂರು ಭಾಗಗಳನ್ನು ಬರೆದರು. ಜರ್ಮನಿಯ ಡೀಟರ್ ಕಾಪ್ ಅವರು ಆಲು ಕುರುಂಬರ ಭಾಷೆಯ ಮೇಲೆ 1982ರಲ್ಲಿ ಗ್ರಂಥ ಪ್ರಕಟಿಸಿದರು. ಪಾಲ್ ಹಾಕಿಂಗ್ಸ್ ಮತ್ತು ಕ್ರಿಸ್ಟಿಯಾನ್ ಪಿಲೋ ರೈಚೂರ್ ಅವರ ಬಡಗ ನಿಘಂಟು 1992ರಲ್ಲಿ ಬಂತು. ಎಲ್ಲರೂ ದೂರದಿಂದ ಬಂದವರೇ ಎಂಬುದನ್ನು ಮಕ್ಕಳು ಗಮನಿಸಿರಬಹುದು.

ನಮ್ಮ ಶಾಲೆಯ ಗ್ರಂಥಾಲಯದ ಮೇಜಿನ ಮೇಲೆ ಈ ವರ್ಷದಿಂದ ಒಂದು ದಪ್ಪ ನೋಟುಪುಸ್ತಕ ಇಟ್ಟಿದ್ದೇವೆ. ಒಂದೊಂದು ಪುಟಕ್ಕೆ ಒಂದೊಂದು ಮಾತು: ಹಾಲು, ಜೇನು, ಕಣ್ಣು, ಮಳೆ, ಆನೆ. ಎದುರಿಗೆ ಕನ್ನಡ, ತಮಿಳು, ಬಡಗ, ಇರುಳ, ಕುರುಂಬ ಎಂದು ಗೆರೆ ಎಳೆದಿದೆ. ಜೇನಿನ ಪುಟದಲ್ಲಿ ಕುರುಂಬರ ಮನೆ ಇನ್ನೂ ಖಾಲಿಯಿದೆ. ಗೊತ್ತಿದ್ದವರು ಮನೆಯಲ್ಲಿ ಹಿರಿಯರನ್ನು ಕೇಳಿ, ಅವರು ಹೇಳಿದಂತೆಯೇ ಬರೆಯಬೇಕು, ಪಕ್ಕದಲ್ಲಿ ಹೇಳಿದವರ ಹೆಸರನ್ನೂ ಬರೆಯಬೇಕು. ಪುಸ್ತಕವನ್ನು ಮನೆಗೆ ಕೊಂಡೊಯ್ಯುವಂತಿಲ್ಲ.